ಕರೆದಾಗ ಬಂದ ಜಿಂಕೆ

ಗಲ್ಫಿನಲ್ಲಿ ನಾನು ಕಾರು ಓಡಿಸುವ ಮನೆಯ ಯಜಮಾನ, ನಮ್ಮ ಅರ್ಬಾಬ್, ಬೇಟೆಗೆಂದು ಯಾವುದೋ ಚಳಿದೇಶದ ಬೆಟ್ಟಕ್ಕೆ ಹೋದ. ನನ್ನ ರಜೆಗೆ ಅವನ ಒಪ್ಪಿಗೆ ಬೇಕಿತ್ತು, ಬೆಟ್ಟದಲ್ಲಿ ಫೋನು ಸಿಗಲಿಲ್ಲ. ಅತ್ತ ಉಳ್ಳಾಲದಲ್ಲಿ ಮಗಳ ನಿಖಾಹ್ ನಡೆದೇ ಹೋಯಿತು. ಅಪ್ಪ ಕೂರುವ ಜಾಗದಲ್ಲಿ ನನ್ನ ತಮ್ಮ ಕೂತ. ನಾನು ಇತ್ತ ಖುರುಮ್‌ನಲ್ಲಿ, ಅವನ ಮನೆಯ ಮುಂದೆ, ಕಾರೊಳಗೆ ಕೂತು ಮೊಬೈಲಿನಲ್ಲಿ ನೋಡಿದೆ.

ತಿಂಗಳುಗಳ ಮೇಲೆ ಪಾರ್ಸೆಲಿನಲ್ಲಿ ಕೆಂಪು ಜಿಂಕೆಯ ತಲೆ ಬಂತು, ಕವಲುಕೊಂಬಿನ ಸಮೇತ. ಗೋಡೆಗೆ ಏರಿಸಲು ನನ್ನನ್ನೇ ಕರೆದ. ನಾನು ಏಣಿಯ ಮೇಲೆ, ಅವನು ಕೆಳಗೆ.

“ಅಂಥ ಕಲ್ಲುಬೆಟ್ಟ ಹೇಗೆ ಹತ್ತಿದಿರಿ ಬಾಬಾ?” ಹರಕು ಹಿಂದಿಯಲ್ಲಿ ಕೇಳಿದೆ.

“ಹತ್ತುವುದೇನು? ಕೆಳಗೇ ಕೂತೆವು. ಜೊತೆಗಿದ್ದವನು ಕೊಳವೆ ಊದಿ ಜಿಂಕೆಯ ಹಾಗೆ ಕೂಗಿದ. ಇನ್ನೊಂದು ಗಂಡು ಬಂದಿದೆ ಅಂದುಕೊಂಡು ಇದು ತಾನಾಗಿ ಇಳಿದು ಬಂತು. ಖಲಾಸ್.”

ಗಾಜಿನ ಕಣ್ಣು ನನ್ನ ಮುಖದ ಎದುರಿಗೇ ಇತ್ತು.

“ಮಗಳ ಮದುವೆ ಯಾವಾಗ ಅಂದಿದ್ದೆ?” ಅಂತ ಕೇಳಿದ.

“ಆಯಿತು.”

“ಮಾಶಾಅಲ್ಲಾ. ಕೊಂಬು ಸ್ವಲ್ಪ ಎಡಕ್ಕೆ ವಾಲಿದೆ, ನೋಡು.”

ಸರಿ ಮಾಡಿದೆ. ಈಗಲೂ ಹೊತ್ತುಗೊತ್ತಿಲ್ಲದೆ ಅವನ ಫೋನು ಬರುತ್ತದೆ, “ಯಲ್ಲಾ, ಬಾ.” ಹೋಗುತ್ತೇನೆ. ಜಿಂಕೆಗಾದರೆ ಒಂದು ಸಲ ಬಂದದ್ದೇ ಸಾಕಾಯಿತು.