ಸೀಟಿಯೊಳಗಿನ ಅಲಸಂದಿ ಕಾಳು

ಎಲ್ಲಿಯಾದರೂ ಸೀಟಿಯ ಸಪ್ಪಳ ಕೇಳಿದರೆ ಸಾಕು, ಈ ವಯಸ್ಸಿನಲ್ಲೂ ನನ್ನ ಬೆನ್ನು ತಾನಾಗಿ ನೆಟ್ಟಗಾಗುತ್ತದೆ. ಮೊನ್ನೆಯೂ ಹಾಗೇ ಆಯಿತು. ಐರ್ಲೆಂಡಿನ ಒಂದು ಸಣ್ಣ ಊರಿನ ವೃದ್ಧಾಶ್ರಮದಲ್ಲಿ ನಾನು ನರ್ಸು. ಅವತ್ತು ಟಿ.ವಿ.ಯಲ್ಲಿ ಆ ದೇಶದ ಫುಟ್‌ಬಾಲ್ ಪಂದ್ಯವಿತ್ತು. ಮಧ್ಯಾಹ್ನದ ಚಹಾ ಮುಗಿಯುತ್ತಲೇ ಅಜ್ಜ ಅಜ್ಜಿಯರೆಲ್ಲ ಹಸಿರು ಮಫ್ಲರು ಸುತ್ತಿಕೊಂಡು ದೊಡ್ಡ ಕೋಣೆಗೆ ಬಂದರು. ನಡೆಯಲಾಗದವರ ಗಾಲಿಕುರ್ಚಿಗಳನ್ನು ನಾನೇ ಮುಂದಿನ ಸಾಲಿಗೆ ತಳ್ಳಿದೆ. ಹೆತ್ತ ಮಕ್ಕಳ ಹೆಸರು ಮರೆತವರೂ ಆಟಗಾರರ ಹೆಸರು ಹಿಡಿದು ಕೂಗುತ್ತಿದ್ದರು. ನನ್ನ ಪಕ್ಕದಲ್ಲಿ ಟಾಮ್ ಕುಳಿತಿದ್ದರು. ಎಂಬತ್ತು ದಾಟಿದ ಹಳೆಯ ಬಸ್ ಡ್ರೈವರ್. ಎದುರಾಳಿಗಳು ನುಗ್ಗಿ ಬಂದಾಗಲೆಲ್ಲ ಬ್ರೇಕ್ ಒತ್ತುವಂತೆ ಬಲಗಾಲು ಒತ್ತುತ್ತಿದ್ದರು. ರೆಫರಿ ಸೀಟಿ ಊದಿದ. ಅವರ ಆಟ ಶುರುವಾಯಿತು, ನನ್ನ ಮನಸ್ಸು ಹಿರೇಕೆರೂರಿಗೆ ಹೋಯಿತು.

ನಮ್ಮಪ್ಪ ಅಬಲೂರಿನ ಕಡೆಯ ಒಂದು ಸಾಲೆಯಲ್ಲಿ ಪಿ.ಟಿ. ಮಾಸ್ತರರು. ಹಿರೇಕೆರೂರಿನ ನಮ್ಮ ಎರಡು ಕೋಣೆಯ ಮನೆಯಲ್ಲಿ ಬುದ್ಧನ ಫೋಟೋದ ಕೆಳಗೊಂದು ಮೊಳೆ, ಆ ಮೊಳೆಗೆ ಅಪ್ಪನ ಹಿತ್ತಾಳೆ ಸೀಟಿ. ಮನೆ ನಡೆಯುತ್ತಿದ್ದುದೇ ಅದರ ಮೇಲೆ. ಒಂದು ಸಲ ಊದಿದರೆ ಏಳಬೇಕು, ಎರಡು ಸಲ ಊದಿದರೆ ಊಟಕ್ಕೆ ಕೂಡಬೇಕು. ರೊಟ್ಟಿ ಬಡಿಯುತ್ತಿದ್ದ ಅವ್ವ, "ನಾ ಏನ್ ನಿಮ್ಮ ಸಾಲಿ ಹುಡುಗೀ ಏನ್ರಿ? ಬಾಯಿಲೆ ಕರೀರಿ" ಎಂದು ಗೊಣಗುವಳು; ಗೊಣಗುತ್ತಲೇ ತಾಟು ಇಡುವಳು. ಅಪ್ಪನ ಅಂಗಿಗೆ ಸದಾ ಸುಣ್ಣದ ಪುಡಿಯ ವಾಸನೆ. ಮೈದಾನದಲ್ಲಿ ದಾರ ಹಿಡಿದು ಕಬಡ್ಡಿಯ ಗೆರೆ ಹಾಕಲು ನಿಂತರೆ ಅವರಿಗೆ ಹಸಿವು ನೀರಡಿಕೆ ಇರುತ್ತಿರಲಿಲ್ಲ. ಇಷ್ಟು ಚಂದ ಯಾಕೆ ಹಾಕಬೇಕು, ಹೇಗೂ ತುಳಿದು ಹಾಳು ಮಾಡುತ್ತಾರಲ್ಲ ಎಂದು ಒಮ್ಮೆ ಕೇಳಿದ್ದೆ. "ನಮಗಂತ ಮಂದಿ ಹಾಕಿದ ಗೆರಿ ಬಾಳ ನೋಡೇನಿ, ಮಗಳ. ಬಾವಿ ಹತ್ರ ಒಂದು, ಗುಡಿ ಹತ್ರ ಒಂದು. ಇದೊಂದು ನಾ ಹಾಕಿದ್ದು. ಇದು ಗೌಡ್ರ ಮಗಗೂ ಅಷ್ಟ, ನನ್ನ ಮಗಳಿಗೂ ಅಷ್ಟ" ಎಂದಿದ್ದರು. ನನಗಾಗ ಹತ್ತೋ ಹನ್ನೊಂದೋ. ಅರ್ಥವಾಗಲಿಲ್ಲ.

ನಾನು ಹೈಸ್ಕೂಲಿನಲ್ಲಿದ್ದ ವರ್ಷ ಸೀಟಿಯೊಳಗಿನ ಬೆಂಡಿನ ಗುಂಡು ಸವೆದು ಬಿದ್ದುಹೋಯಿತು. ಹೊಸ ಸೀಟಿ ಕೊಳ್ಳುವುದು ಬಿಟ್ಟು ಅಪ್ಪ ಅಡುಗೆಮನೆಯ ಡಬ್ಬಿಯಿಂದ ಒಂದು ಅಲಸಂದಿ ಕಾಳು ತೆಗೆದು ಒಳಗೆ ತುರುಕಿದರು. "ಕಾಳು ತಿನ್ನಾಕ ಅದಾವೋ, ಊದಾಕ ಅದಾವೋ?" ಎಂದು ಅವ್ವ ನಕ್ಕಳು. ಊದಿದರೆ ಮೊದಲಿಗಿಂತ ಜೋರಾಗಿಯೇ ಸಪ್ಪಳ ಬಂತು. ಅಪ್ಪ ಗೆದ್ದವರ ಹಾಗೆ ಅವ್ವನ ಮುಖ ನೋಡಿದರು.

ಅದಾದ ಕೆಲವೇ ದಿನಕ್ಕೆ ತಾಲೂಕಿನ ಕ್ರೀಡಾಕೂಟ ಬಂತು. ಹುಡುಗಿಯರ ಕಬಡ್ಡಿ ಫೈನಲ್ಲು, ನಮಗೂ ರಟ್ಟೀಹಳ್ಳಿಯವರಿಗೂ. ಬೆಳಗಿನಿಂದ ಆಟದ ಮೇಲೆ ಆಟ ಆಡಿಸಿದ್ದ ಅಪ್ಪನೇ ಅದಕ್ಕೂ ಅಂಪೈರು. ಕೊನೆಯ ರೇಡಿಗೆ ನಾನು ಹೋದಾಗ ನಾವು ಒಂದು ಪಾಯಿಂಟು ಹಿಂದಿದ್ದೆವು. ಇಬ್ಬರನ್ನು ಮುಟ್ಟಿದೆ, ಪಕ್ಕದ ಗೆರೆಯ ಗುಂಟ ಓಡಿ ಬಂದು ನಡುಗೆರೆ ದಾಟಿದೆ. ಗೆಳತಿಯರು ನನ್ನನ್ನು ಎತ್ತಿ ಕುಣಿಯತೊಡಗಿದ್ದರು. ಆಗ ಅಪ್ಪ ಕೈ ಎತ್ತಿಕೊಂಡು ಬಂದರು. ನಾನು ಪಕ್ಕದ ಗೆರೆ ತುಳಿದೆನೆಂದೂ ತಾವು ಅಲ್ಲಿಯೇ ಸೀಟಿ ಊದಿದ್ದಾಗಿಯೂ ಹೇಳಿ, ಪಾಯಿಂಟು ಇಲ್ಲ ಎಂದರು. ಸೀಟಿ ಯಾರ ಕಿವಿಗೂ ಬಿದ್ದಿರಲಿಲ್ಲ. "ಮಗಳನ್ನ ಸೋಲಿಸಿ ದೊಡ್ಡಾಂವ ಆಗಾಕ ಹೊಂಟಾನ ಮಾಸ್ತರ" ಎಂದು ಯಾರೋ ಕೂಗಿದರು. ನಾನು ಅಷ್ಟೂ ಮಂದಿಯ ಮುಂದೆ, "ನೀ ಊದೇ ಇಲ್ಲ. ಸುಳ್ಳ ಹೇಳಾಕತ್ತಿ" ಎಂದೆ. ಅಪ್ಪ ಸಿಟ್ಟಿಗೇಳಲಿಲ್ಲ. "ಊದೇನಿ, ಮಗಳ. ನಿನಗ ಕೇಳಿಲ್ಲ" ಎಂದರು, ಅಷ್ಟೇ.

ಮನೆಗೆ ಬಂದು ಬಚ್ಚಲಲ್ಲಿ ಕಾಲು ತೊಳೆಯುವಾಗ ನೋಡಿದೆ: ಬಲಗಾಲಿನ ಹೆಬ್ಬೆರಳಿನ ಬದಿಗೆ ಸುಣ್ಣ ಹತ್ತಿತ್ತು. ಯಾರೂ ನೋಡದಂತೆ ಗಸಗಸ ತಿಕ್ಕಿ ತೊಳೆದುಬಿಟ್ಟೆ. ಅಪ್ಪ ಸೀಟಿ ಮುಟ್ಟದೆ ಎರಡು ದಿನ ಕಳೆದ ಮೇಲೆ ಅವ್ವ ಮೊಳೆಯಿಂದ ಸೀಟಿ ತೆಗೆದವಳೇ ನನ್ನನ್ನು ಕರೆದಳು. "ನೋಡ್ ಬಾರವಾ ಇಲ್ಲಿ, ನಿಮ್ಮಪ್ಪನ ಸೀಟಿ ಮೊಳಕಿ ಒಡದೈತಿ!" ದಿನವಿಡೀ ಉಗುಳಿನಲ್ಲಿ ನೆನೆದ ಕಾಳು ಉಬ್ಬಿ ಸೀಟಿಯ ಬಾಯಿಗೆ ಸಿಕ್ಕಿಬಿದ್ದಿತ್ತು, ಸಂದಿಯಿಂದ ಬೆಳ್ಳನೆಯ ಮೊಳಕೆ ಇಣುಕುತ್ತಿತ್ತು. "ಊದ್ಯಾರ ತಗೊ, ಪಾಪ. ಸಪ್ಪಳ ಹೆಂಗ ಬರಬೇಕು?" ಎಂದು ಅವ್ವ ಸೂಜಿಯಿಂದ ಅದನ್ನು ಚುಚ್ಚಿ ತೆಗೆದಳು. ಹೊರಗೆ ಅಪ್ಪ ಸೈಕಲ್ಲು ಒರೆಸುತ್ತಿದ್ದರು. ನಾಲ್ಕು ಹೆಜ್ಜೆ ಹೋಗಿ ತಪ್ಪಾಯಿತು ಎನ್ನಬಹುದಿತ್ತು. ನಾಳೆ ಹೇಳೋಣ ಎಂದುಕೊಂಡೆ. ಆ ನಾಳೆ ಹುಬ್ಬಳ್ಳಿಯಲ್ಲಿ ನರ್ಸಿಂಗ್ ಓದುವವರೆಗೂ ಮುಂದಕ್ಕೆ ಹೋಯಿತು; ಒಂದು ದಿನ ಮೈದಾನದಲ್ಲೇ ಅಪ್ಪನ ಎದೆಬಡಿತ ನಿಂತಿತು. ಆಮೇಲೆ ಅವ್ವ ಸವಣೂರಿನಲ್ಲಿದ್ದ ನನ್ನ ಅಕ್ಕನ ಮನೆಗೆ ಹೋದಳು. ನಮ್ಮ ಮನೆಯ ಜಾಗದಲ್ಲೀಗ ಮೊಬೈಲ್ ಅಂಗಡಿ ಇದೆ. ಸಾಮಾನು ಸಾಗಿಸುವಾಗ ಸೀಟಿ ಎಲ್ಲಿ ಬಿತ್ತೋ ಯಾರಿಗೂ ಗೊತ್ತಿಲ್ಲ. ಅದಕ್ಕಾಗಿ ನಾನು ಎಷ್ಟು ಅತ್ತೆನೆಂದು ಅಕ್ಕನಿಗೂ ಹೇಳಿಲ್ಲ.

ಕೋಣೆಯಲ್ಲಿ ಹೋ ಎಂಬ ಕೂಗು ಎದ್ದಾಗ ಈ ಲೋಕಕ್ಕೆ ಮರಳಿದೆ. ಇವರ ತಂಡ ಗೋಲು ಹೊಡೆದಿತ್ತು. ಆಟ ಮುಗಿಯಲು ಎರಡೇ ನಿಮಿಷ. ಟಾಮ್ ನನ್ನ ಕೈ ಹಿಡಿದು ಅಲುಗಿಸುತ್ತಿದ್ದರು. ಅಷ್ಟರಲ್ಲಿ ರೆಫರಿ ಕೈ ಎತ್ತಿದ. ಗೋಲಿಗೆ ಮೊದಲೇ ಚೆಂಡು ಪಕ್ಕದ ಗೆರೆ ದಾಟಿತ್ತಂತೆ, ಗೋಲು ಇಲ್ಲ. ಕೋಣೆಯೆಲ್ಲ ರೆಫರಿಯನ್ನು ಬಯ್ಯತೊಡಗಿತು. ಟಾಮ್ ಕಣ್ಣಲ್ಲಿ ನೀರು ತುಂಬಿಕೊಂಡು ನನ್ನ ಕಡೆ ತಿರುಗಿದರು. "ನೀನು ಹೊರಗಿನವಳು, ನಿಜ ಹೇಳು. ಚೆಂಡು ಹೊರಗೆ ಹೋಗಿತ್ತಾ?" ಇಲ್ಲ ಎಂದಿದ್ದರೆ ಆ ಮುದಿಜೀವಕ್ಕೆ ಸಮಾಧಾನವಾಗುತ್ತಿತ್ತು. ಪರದೆಯ ಮೇಲೆ ಬಿಳಿಯ ಗೆರೆಯನ್ನು ದೊಡ್ಡದು ಮಾಡಿ ತೋರಿಸುತ್ತಿದ್ದರು.

"ಹೋಗಿತ್ತು" ಎಂದೆ. ಆಮೇಲೆ ನನಗರಿವಿಲ್ಲದೆಯೇ ಬಾಯಿಂದ ನಮ್ಮ ಮಾತು ಬಂತು. "ಗೆರಿ ತುಳದಿದ್ದೆ, ಅಪ್ಪಾ. ನೀ ಊದಿದ್ದು ಈಗ ನನಗ ಕೇಳೈತಿ."

"ಯಾರಿಗೆ ಹೇಳಿದೆ?" ಎಂದು ಟಾಮ್ ಕೇಳಿದರು.

"ರೆಫರಿಗೆ" ಎಂದೆ.