ಸರ್ಕಲ್ಲಿನ ಕೈ

ನನ್ನ ತಮ್ಮನಿಗೆ ಹೊಡೆದಾಟದ ಸಿನಿಮಾ ಎಂದರೆ ಪ್ರಾಣ. ಗಂಗಾವತಿಯ ಟಾಕೀಸಿಗೆ ಹೊಸ ಚಿತ್ರ ಬಂದರೆ ಸಾಕು, ನನ್ನನ್ನೂ ಅವ್ವನನ್ನೂ ಎಳೆದುಕೊಂಡು ಹೋಗುತ್ತಿದ್ದ. ನಾಯಕ ಮಚ್ಚು ಬೀಸಿ ಯಾರದೋ ಕೈ ಕಡಿದರೆ ಇವನು ಸೀಟಿ ಹೊಡೆಯುವನು, ನಾನು ಮಂಡಾಳು ಮುಕ್ಕುತ್ತ ಇನ್ನೂ ನಾಲ್ಕು ಬೀಳಲಿ ಎನ್ನುವವಳು. ಅವ್ವ ಕಣ್ಣಿಗೆ ಸೆರಗು ಹಿಡಿಯುತ್ತಿದ್ದಳು, ಅದೂ ಅರ್ಧ. ಹೊರಗೆ ಬಂದ ಮೇಲೆ ಹೊಡೆದಾಟವನ್ನು ಕಣ್ಣಿಗೆ ಕಟ್ಟುವಂತೆ ಹೇಳುತ್ತಿದ್ದವಳೂ ಅವಳೇ.

ತಮ್ಮ ದುಡಿಯುತ್ತಿದ್ದ ಅಕ್ಕಿ ಮಿಲ್ಲಿನಲ್ಲಿ ಒಂದು ದಿನ ಅವನ ಎಡಗೈ ಯಂತ್ರದ ಬೆಲ್ಟಿಗೆ ಸಿಕ್ಕಿತು. ಆಸ್ಪತ್ರೆಯಲ್ಲಿ ಮಣಿಕಟ್ಟಿನವರೆಗೆ ತೆಗೆದರು. ಆ ಬೆಲ್ಟಿಗೆ ಅಡ್ಡ ಕಬ್ಬಿಣದ ಜಾಳಿಗೆಯೇ ಇರಲಿಲ್ಲ. ಮಾಲೀಕ ಮಾತ್ರ ಎಲ್ಲ ಇವನದೇ ತಪ್ಪು ಎಂದು ಕೈ ತೊಳೆದುಕೊಂಡ. ಜೊತೆಯ ಕೆಲಸಗಾರರು ಧರಣಿ ಕೂತರು. ತನ್ನ ಮೊಬೈಲಿನಲ್ಲಿದ್ದ ಆಸ್ಪತ್ರೆಯ ಫೋಟೋವನ್ನು ತಮ್ಮನೇ ಅವರಿಗೆ ಕೊಟ್ಟ. ಹೊಲಿಗೆ ಹಾಕಿದ, ಬಾತುಕೊಂಡ ಕೈ. ಅದನ್ನು ಆಳೆತ್ತರದ ಫ್ಲೆಕ್ಸ್ ಮಾಡಿಸಿ ಸರ್ಕಲ್ಲಿನಲ್ಲಿ ನಿಲ್ಲಿಸಿದರು. ಇದೆಲ್ಲ ಯಾಕೆ ಬೇಕಿತ್ತೋ ಎಂದು ನಾನು ಅವನ ಮೇಲೆ ರೇಗಿದೆ.

"ನೋಡ್ಲಿ ಬಿಡಕ್ಕ," ಅಂದ. "ಮಂದಿ ನೋಡಿದ್ರ ಮಾಲಕ ಜಾಳಗಿ ಹಾಕಸ್ತಾನ. ನಂದಂತೂ ಹೋತು, ಇನ್ನೊಬ್ಬಂದು ಉಳೀಲಿ."

ಮಂದಿ ನೋಡಿದರು, ಮಧ್ಯಾಹ್ನದವರೆಗೆ. ಆಮೇಲೆ ರಗಳೆ ಶುರುವಾಯಿತು. ಗಿರಾಕಿಗಳಿಗೆ ಇಡ್ಲಿ ಇಳಿಯುತ್ತಿಲ್ಲ ಎಂದು ಎದುರಿನ ಹೋಟೆಲಿನವನು ಬಂದ. ಮಕ್ಕಳು ಅಂಜಿ ಜ್ವರ ಬರಿಸಿಕೊಂಡಾವೆಂದು ತಾಯಂದಿರು ಬಂದರು. ಅದೇ ಸರ್ಕಲ್ಲಿನಲ್ಲಿ ಮುಖದ ತುಂಬ ರಕ್ತ ಬಳಿದುಕೊಂಡ ಸಿನಿಮಾ ನಾಯಕ ಮಚ್ಚು ಹಿಡಿದು ನಿಂತು ತಿಂಗಳಾಗಿತ್ತು. ಅವನಿಗೆ ಹಾರ ಹಾಕಿ ಹಾಲು ಸುರಿದಿದ್ದರು. ಆಗ ಯಾರ ಇಡ್ಲಿಯೂ ಗಂಟಲಲ್ಲಿ ಸಿಕ್ಕಿರಲಿಲ್ಲ. ಅಬ್ಬಾ, ಎಂಥ ನಾಜೂಕು ಹೊಟ್ಟೆ ನಮ್ಮದು!

ಕಡೆಗೆ ಧರಣಿಯವರು ಫೋಟೋ ಇಳಿಸಿ ಒಬ್ಬ ಪೇಂಟರ್ ಕೈಲಿ ಚಿತ್ರ ಬರೆಸಿದರು. ಮೇಲಕ್ಕೆತ್ತಿದ ಮುಷ್ಟಿ, ಅದರಿಂದ ಕೆಂಪಗೆ ತೊಟ್ಟಿಕ್ಕುವ ರಕ್ತ. ಅದು ಎಲ್ಲರಿಗೂ ಹಿಡಿಸಿತು. ಕಾಲೇಜಿನವರು ಅದರ ಮುಂದೆ ಸೆಲ್ಫಿ ತೆಗೆದುಕೊಂಡರು, ಹೋಟೆಲಿನವನು ಧರಣಿಗೆ ಚಹಾ ಕಳಿಸಿದ. ತಮ್ಮ ನನ್ನ ಸ್ಕೂಟಿಯ ಹಿಂದೆ ಕೂತು ಬಂದು ನೋಡಿದ.

"ಛಲೋ ಬರದಾರ," ಅಂದ. "ಆದ್ರ ಇದು ನಂದಲ್ಲಕ್ಕ. ಇದಕ್ಕ ಐದೂ ಬೆರಳು ಅದಾವ."

ಜಾಳಿಗೆ ಹಾಕಿಸುತ್ತೇನೆಂದು ಮಾಲೀಕ ಒಪ್ಪಿದ, ಧರಣಿ ಎದ್ದಿತು. ಜಾಳಿಗೆ ಇನ್ನೂ ಬಂದಿಲ್ಲ. ನಾನು ಮುಂದೆ ಎಷ್ಟೋ ದಿನ ಕಂಡಕಂಡವರ ಮುಂದೆ ಊರ ಮಂದಿಯನ್ನು ಬೈದುಕೊಂಡು ತಿರುಗಿದೆ. ಮನೆಗೆ ಬೀಗರು ನೆಂಟರು ಬಂದರೆ ಅವ್ವ ತಮ್ಮನ ಕೈ ಮೇಲೆ ಟವೆಲ್ ಹೊದಿಸುತ್ತಿದ್ದಳು. ನಾನು ಅವನ ಮುಖವನ್ನಷ್ಟೇ ನೋಡಿ ಮಾತಾಡುತ್ತಿದ್ದೆ, ಕಣ್ಣು ಕೆಳಗಿಳಿಸುತ್ತಿರಲಿಲ್ಲ. ಅವನಿಗೆ ನೋವಾಗಬಾರದೆಂದು ಹಾಗೆ ಮಾಡುತ್ತೇನೆ ಅಂದುಕೊಂಡಿದ್ದೆ.

ಈ ಸಲದ ಬ್ಯಾಸಗಿಯಲ್ಲಿ ಒಂದು ಸಂಜೆ ಅವನಿಗೆ ಚಹಾ ಕೊಡುವಾಗ ಕಪ್ಪು ಹಿಡಿದ ಬಲಗೈ ಕಣ್ಣಿಗೆ ಬಿತ್ತು. ಉಗುರೆಲ್ಲ ಹರಿದು ಚೂರುಚೂರಾಗಿದ್ದವು, ಒಂದರ ಬುಡದಲ್ಲಿ ರಕ್ತ ಹೆಪ್ಪುಗಟ್ಟಿತ್ತು. ಇಷ್ಟು ದೊಡ್ಡವನಾಗಿ ಉಗುರು ಕಚ್ಚುತ್ತೀಯಲ್ಲೋ, ನಾಚಿಕೆ ಆಗುವುದಿಲ್ಲವೇ ಎಂದು ಗದರಿದೆ.

"ಮತ್ತ ಹೆಂಗ ತಗೀಲಕ್ಕ?" ಅಂದ. "ಈ ಕೈಯಾಗಿನ ಉಗರ ತಗ್ಯಾಕ ಆ ಕೈ ಬೇಕಲ್ಲ."

ಅಷ್ಟು ದಿನವೂ ಹಲ್ಲಿನಿಂದಲೇ ಹರಿದುಕೊಂಡಿದ್ದನಂತೆ. ತೆಗೆದುಕೊಡಿ ಎಂದು ನಮ್ಮನ್ನು ಒಂದು ಮಾತು ಕೇಳಬಾರದಿತ್ತೇ ಎಂದೆ.

"ಕೇಳಿದ್ರ ನೀವು ಕೈ ನೋಡಬೇಕಾಗತಿತ್ತು," ಅಂದ.

ನೇಲ್ ಕಟರ್ ತಂದು ಎದುರಿಗೆ ಕೂತೆ. ಬಲಗೈ ಅಲುಗದಿರಲೆಂದು ಅವನು ಎಡಗೈಯ ಮೊಂಡನ್ನು ಅದರ ಮೇಲೆ ಒತ್ತಿ ಹಿಡಿದ. ಹೊಲಿಗೆಯ ಗೀರು ನನ್ನ ಬೆರಳಿಗೆ ತಾಗುತ್ತಿತ್ತು. ಹೊತ್ತು ಮುಳುಗಿತ್ತು, ಉಗುರು ತೆಗೆಯುವ ಹೊತ್ತಲ್ಲ. ಆದರೂ ಅವ್ವ ಲೈಟು ಹಾಕಿ ಬಂದು ನಮ್ಮ ಪಕ್ಕದಲ್ಲಿ ಕೂತಳು.