ಆಮೆನ್ ಹೇಳದೆ ದಾಟಿದ ಕಾಡು

ಸಂಜೆ ಐದು ಗಂಟೆ ನಲವತ್ತು ನಿಮಿಷಕ್ಕೆ ನಮ್ಮ ಬಸ್ಸು ಬಂಡೀಪುರದ ಕಾಡಿನ ನಡುವೆ ನಿಂತಿತು. ಮೈಸೂರಿಗೆ ಎಂಟರೊಳಗೆ ಮುಟ್ಟುತ್ತೇವೋ ಇಲ್ಲವೋ ಎಂದು ನಾನು ಆಗಷ್ಟೇ ಕೈಗಡಿಯಾರ ನೋಡಿದ್ದೆ. ಎಂಜಿನ್ನಿನ ಮುಚ್ಚಳದ ಸಂದಿಯಿಂದ ಬಿಳಿ ಆವಿ ಎದ್ದಿತು. ಡ್ರೈವರ್ ಸಿದ್ದರಾಜು ಬಸ್ಸನ್ನು ಎಡಕ್ಕೆ ಎಳೆದು ನಿಲ್ಲಿಸಿದರು. "ರೇಡಿಯೇಟರ್ ಕುದೀತಾ ಅದೆ ಮೇಡಂ. ಆರೋವರ್ಗೂ ಕಾಯ್ಬೇಕು" ಎಂದರು. ಒಳಗೆ ಒಂದರಿಂದ ನಾಲ್ಕನೇ ತರಗತಿಯವರೆಗಿನ ನಲವತ್ತಕ್ಕೂ ಹೆಚ್ಚು ಮಕ್ಕಳು, ನಮ್ಮ ಹೆಡ್ ಮೇಡಂ ಮತ್ತು ನಾನು. ಕೊನೆಯ ಸೀಟಿನ ತುಂಬ ಬಾಳೆಗೊನೆ, ಅನಾನಸ್, ಕುಂಬಳಕಾಯಿ. ಆನೆಗಳಿರುವ ಕಾಡಿನಲ್ಲಿ ಎಂಥ ಬುತ್ತಿ ಕಟ್ಟಿಕೊಂಡು ನಿಂತಿದ್ದೇವೆ ಎಂಬುದು ಆ ಹೊತ್ತಿನಲ್ಲಿ ನಮ್ಮ ಯಾರಿಗೂ ಹೊಳೆಯಲಿಲ್ಲ.

ಆ ನಿಲುಗಡೆಯನ್ನು ನಾನು ಮನಸ್ಸಿನಲ್ಲಿ ಎಷ್ಟು ಸಲ ತಿರುಗಿ ನೋಡಿದ್ದೇನೋ. ಇನ್ನೊಂದು ತಿರುವು ದಾಟಿದ್ದರೆ, ಇನ್ನೊಂದು ಬಿಂದಿಗೆ ನೀರು ತುಂಬಿಸಿದ್ದರೆ ಎಂದು ಈಗಲೂ ಅನ್ನಿಸುತ್ತದೆ. ಆದರೆ ಬೆಳಗ್ಗೆ ಹೊರಟಾಗ ಇಂಥ ಯೋಚನೆಯ ಸುಳಿವೂ ಇರಲಿಲ್ಲ.

ತೊಂಬತ್ತರ ದಶಕದ ಕೊನೆಯ ಒಂದು ನವೆಂಬರ್ ಭಾನುವಾರ ಅದು. ಬಿ.ಎಡ್. ಮುಗಿಸಿ ಮೈಸೂರಿನ ಮಂಡಿ ಮೊಹಲ್ಲಾದ ಒಂದು ಕ್ರೈಸ್ತ ಪ್ರಾಥಮಿಕ ಶಾಲೆಗೆ ಸೇರಿ ನನಗೆ ಐದು ತಿಂಗಳಾಗಿತ್ತು. ನಮ್ಮದು ಮಠಕ್ಕೆ ನಡೆದುಕೊಳ್ಳುವ ಮನೆತನ. ಅಪ್ಪನಿಗೆ ಅದೇ ಮೊಹಲ್ಲಾದಲ್ಲಿ ಬೆಲ್ಲದ ಅಂಗಡಿ. "ಕಿರಿಸ್ತಾನರ ಸ್ಕೂಲಿಗಾ?" ಎಂದು ಅಜ್ಜಿ ಮೂಗು ಮುರಿದಾಗ ಅಪ್ಪ, "ನನ್ನನ್ನ ಅಲ್ಲಿಗೆ ಸೇರ್ಸಿದ್ದು ನೀನೇ ಕಣವ್ವ" ಎಂದು ಬಾಯಿ ಮುಚ್ಚಿಸಿದ್ದರು.

ಆ ಶಾಲೆಯಲ್ಲಿ ಚರ್ಚಿಗೆ ಸೇರಿದ ಮನೆಗಳ ಮಕ್ಕಳು ಕಡಿಮೆ. ಮಂಡಿಯ ಹಮಾಲರು, ದರ್ಜಿಗಳು, ಎಳನೀರು ಮಾರುವವರು, ಗ್ಯಾರೇಜಿನವರು ಇವರ ಮಕ್ಕಳೇ ಹೆಚ್ಚು. ಹೆಡ್ ಮೇಡಂ ದಯಾಮಣಿಯವರನ್ನು ಎಲ್ಲರೂ ಕರೆಯುತ್ತಿದ್ದುದು ದೊಡ್ಡ ಟೀಚರ್ ಎಂದು. ಬೆಳಗಿನ ಪ್ರಾರ್ಥನೆಗೆ ಅವರದು ಒಂದೇ ಕಟ್ಟಳೆ: ಆಮೆನ್ ಎಂದು ತಾವು ಹೇಳುವವರೆಗೆ ಯಾರೂ ಕಣ್ಣು ಬಿಡಬಾರದು, ಬಾಯಿ ಬಿಡಬಾರದು. ಯಾರ ದೇವರನ್ನು ನೆನೆಯಬೇಕು ಎಂದು ಅವರು ಹೇಳುತ್ತಿರಲಿಲ್ಲ. ಮಕ್ಕಳ ಸಾಲುಗಳ ನಡುವೆ ಚಪ್ಪಲಿಯ ಸದ್ದಿಲ್ಲದೆ ನಡೆಯುತ್ತ, ಅಲ್ಲಾಡುವ ಮಗುವಿನ ತಲೆಯ ಮೇಲೆ ಕೈಯಿಡುತ್ತಿದ್ದರು. ಗದರಿಕೆಯೂ ಅದೇ, ಆಶೀರ್ವಾದವೂ ಅದೇ.

ಮಕ್ಕಳು ಇದಕ್ಕೊಂದು ಪಂದ್ಯ ಸೇರಿಸಿಕೊಂಡಿದ್ದರು. ದೊಡ್ಡ ಟೀಚರ್ ಆಮೆನ್ ಎಂದ ಕೂಡಲೇ ಮೊದಲು ಕಿರುಚಿದವರು ಗೆದ್ದಂತೆ. ಎರಡನೇ ತರಗತಿಯ ಮಂಜ, ಎಳನೀರಿನವರ ಮಗ, ದಿನವೂ ಗೆಲ್ಲುತ್ತಿದ್ದ. ಅದೇ ತರಗತಿಯ ಶಾಹಿನಾ ದಿನವೂ ತಗಾದೆ ತೆಗೆಯುತ್ತಿದ್ದಳು. ಅವಳಪ್ಪ ಅನ್ವರ್ ಅವರದು ಶಾಲೆಯ ಹಿಂದಿನ ಬೀದಿಯಲ್ಲೇ ಗ್ಯಾರೇಜು.

ಬೆಳಗ್ಗೆ ಐದಕ್ಕೆ ಬಸ್ಸು ಹೊರಡುವ ಮುನ್ನ ಮಾಡಿದ ಪ್ರಾರ್ಥನೆಯಲ್ಲೂ ಇದೇ ಆಯಿತು.

"ಟೀಚರ್ 'ಆ' ಅನ್ನೋಷ್ಟ್ರಲ್ಲೇ ಹೇಳ್ಬುಟ್ಟ! ಮೋಸ!" ಎಂದಳು ಶಾಹಿನಾ.

"ನಿಂಗೆ ನಾಲ್ಗೆ ನಿಧಾನ ಕಣೇ" ಎಂದ ಮಂಜ.

ನಾವು ಹೊರಟಿದ್ದು ಗೂಡಲೂರಿನ ಆಚೆಯ ಒಂದು ಟೀ ತೋಟದ ಊರಿಗೆ. ಮೈಸೂರಿನಿಂದ ನೂರಿಪ್ಪತ್ತು ಕಿಲೋಮೀಟರಿನ ಆಸುಪಾಸು. ಅಲ್ಲಿಯ ಚರ್ಚಿನ ಪಾದ್ರಿ ದೊಡ್ಡ ಟೀಚರ್ ಅವರ ತಮ್ಮ. ಅವರನ್ನು ಎಲ್ಲರೂ ಅಯ್ಯನವರು ಎನ್ನುತ್ತಿದ್ದರು. ಅಂದು ಅಲ್ಲಿ ಸುಗ್ಗಿ ಹಬ್ಬ, ನಮ್ಮ ಮಕ್ಕಳದ್ದು ಹಾಡು. ನಂಜನಗೂಡು ದಾಟುವಾಗ ಬೆಳಕು ಹರಿಯಿತು. ಗುಂಡ್ಲುಪೇಟೆಯಲ್ಲಿ ಇಡ್ಲಿ ತಿಂದೆವು. ಚಟ್ನಿ ನೀರಾಗಿತ್ತು, ಕಾಫಿ ಚೆನ್ನಾಗಿತ್ತು. ಕಾಡು ಶುರುವಾದ ಮೇಲೆ ಜಿಂಕೆಯ ಹಿಂಡು, ಎರಡು ನವಿಲು, ಲೆಕ್ಕವಿಲ್ಲದಷ್ಟು ಕೋತಿ ಕಂಡವು. "ಆನೆ ಎಲ್ಲಿ ಟೀಚರ್, ಆನೆ?" ಎಂದು ದಾರಿಯುದ್ದಕ್ಕೂ ಪೀಡಿಸಿದರು. ಶಾಹಿನಾಗೆ ಬಸ್ಸೆಂದರೆ ವಾಂತಿ. ಅವಳನ್ನು ಹಿಂಬದಿಯ ಕಿಟಕಿಯ ಪಕ್ಕ ಒಬ್ಬಳನ್ನೇ ಕೂರಿಸಿದ್ದೆವು.

ಸುಗ್ಗಿ ಹಬ್ಬದಲ್ಲಿ ಆ ಊರಿನವರು ಹೊಲ ಹಿತ್ತಲಲ್ಲಿ ಬೆಳೆದದ್ದನ್ನು ತಂದು ದೇವರ ಮುಂದಿಡುತ್ತಾರೆ. ಆರಾಧನೆ ಮುಗಿದ ಮೇಲೆ ಅದನ್ನೆಲ್ಲ ಹರಾಜು ಹಾಕುತ್ತಾರೆ, ಬಂದ ಹಣ ಚರ್ಚಿನ ಖರ್ಚಿಗೆ. ಮಕ್ಕಳು ಹಾಡಿದರು, ಮಧ್ಯದ ಚರಣ ಮರೆತು ಮೊದಲನೆಯದನ್ನೇ ಎರಡು ಸಲ ಹಾಡಿದರೂ ಚಪ್ಪಾಳೆ ಬಿತ್ತು. ಹರಾಜು ಕೂಗುತ್ತಿದ್ದ ಮುದುಕರು ಬಾಳೆಗೊನೆ ಎತ್ತಿ ಹಿಡಿದು, "ಏನ್ರೀ ಮೈಸೂರ್ನೋರು, ಕಣ್ಣಲ್ಲೇ ತಿಂತಾ ಕೂತಿದ್ದೀರಿ? ಬಾಯ್ಬಿಟ್ಟು ಕೂಗಿ!" ಎಂದು ಕೆಣಕಿದರು. ದೊಡ್ಡ ಟೀಚರ್‌ಗೆ ಹುರುಪು ಬಂತು. ಮಕ್ಕಳ ಮಧ್ಯಾಹ್ನದ ಊಟಕ್ಕೆ ಆಗುತ್ತದೆಂದು ಗೊನೆಗಳನ್ನು ಕೂಗಿ ಕೊಂಡರು. ಉಳಿದ ಕುಂಬಳಕಾಯಿ, ಅನಾನಸ್ಸುಗಳನ್ನು ಊರಿನವರೇ ಪ್ರೀತಿಯಿಂದ ಹೇರಿದರು.

"ಮೇಲೆ ಕ್ಯಾರಿಯರ್ ಮುರ್ದೋಗದೆ. ಹಿಂದಿನ್ ಸೀಟ್ಗೆ ಆಕ್ಬುಡಿ" ಎಂದರು ಸಿದ್ದರಾಜು. ಕೊನೆಯ ಸೀಟಿನ ಕಿಟಕಿಗೆ ಗಾಜಿರಲಿಲ್ಲ. ಹಣ್ಣಿಗೆ ಗಾಳಿ ಆಡಲಿ ಎಂದು ಅದೇ ಅನುಕೂಲವಾಗಿ ಕಂಡಿತು. ಮೀನಿನ ಸಾರು, ಅನ್ನ ಉಂಡು ಮಧ್ಯಾಹ್ನ ಮೂರೂವರೆ ದಾಟಿದ ಮೇಲೆ ಹೊರಟೆವು; ನನಗೆಂದೇ ಪಾದ್ರಿಯವರ ಮನೆಯಲ್ಲಿ ಬೇರೆ ಒಲೆಯ ಮೇಲೆ ಬೇಳೆ ಸಾರು ಮಾಡಿದ್ದರು.

ಹೀಗೆ ಬಂದು ನಿಂತೆವು, ಐದು ನಲವತ್ತಕ್ಕೆ.

ಸಿದ್ದರಾಜು ಎಂಜಿನ್ನಿನ ಮುಚ್ಚಳ ತೆಗೆದು ಆರಲು ಬಿಟ್ಟಿದ್ದರು. ಮಕ್ಕಳು ಗಲಾಟೆಯಲ್ಲಿದ್ದರು. ನಾನು ಹಿಂದಿನಿಂದ ಎರಡನೇ ಸಾಲಿನಲ್ಲಿ, ನನ್ನ ಪಕ್ಕ ಮಂಜ. ನಡುವೆ ಓಡಾಡುವ ಜಾಗ, ಅದರಾಚೆಯ ಸೀಟಿನ ಕಿಟಕಿಯ ಬಳಿ ಶಾಹಿನಾ. ಅವಳ ಬೆನ್ನ ಹಿಂದೆಯೇ ಹಣ್ಣು. ಸಿದ್ದರಾಜು ತಮ್ಮ ಸೀಟಿಗೆ ಬಂದು ಕನ್ನಡಿ ನೋಡಿದವರು ಹಾಗೆಯೇ ಕಲ್ಲಾದರು. ಆಮೇಲೆ ಬಹಳ ಮೆಲ್ಲಗೆ, "ಮೇಡಂ, ಆನೆ. ಹಿಂದ್ಗಡೆ. ಮರಿ ಅದೆ ಜೊತೇಲಿ. ಮಕ್ಕಳ ಬಾಯಿ ಎಂಗಾದ್ರೂ ಮುಚ್ಸಿ" ಎಂದರು.

ತಿರುಗಿ ನೋಡಿದೆ. ಲಂಟಾನಾ ಪೊದೆಯಿಂದ ಹೆಣ್ಣಾನೆಯೊಂದು ರಸ್ತೆಗಿಳಿದಿತ್ತು, ಕಾಲಡಿ ಮರಿ. ಅದು ಸೊಂಡಿಲನ್ನು ಗಾಳಿಯಲ್ಲಿ ಎತ್ತಿ, ನಮ್ಮ ಬಸ್ಸಿನ ಕಡೆ ತಿರುಗಿ, ಆತುರವಿಲ್ಲದೆ ನಡೆದು ಬರತೊಡಗಿತು.

ಒಂದು ಮಗು ನೋಡಿ "ಆನೆ!" ಎಂದಿದ್ದರೆ ಸಾಕಿತ್ತು. ನಲವತ್ತು ಗಂಟಲುಗಳು, ಮರಿಯಿರುವ ತಾಯಿ, ಚಾಲೂ ಆಗದ ಬಸ್ಸು.

ದೊಡ್ಡ ಟೀಚರ್ ಎದ್ದು ನಿಂತರು. ಸೀರೆಯ ಸೆರಗನ್ನು ತಲೆಯ ಮೇಲೆಳೆದುಕೊಂಡರು, ಬೆಳಗಿನ ಪ್ರಾರ್ಥನೆಗೆ ಮಾಡುವಂತೆಯೇ. "ಮಕ್ಕಳೇ, ಪ್ರಾರ್ಥನೆ" ಎಂದರು. ದನಿ ಒಂದಿಷ್ಟೂ ನಡುಗಲಿಲ್ಲ. ಮಕ್ಕಳು ಅಭ್ಯಾಸ ಬಲದಿಂದ ಕೈ ಜೋಡಿಸಿ ಕಣ್ಣು ಮುಚ್ಚಿದರು. "ಕರುಣೆಯುಳ್ಳ ತಂದೆಯೇ, ನಿನ್ನ ಮುಂದೆ ಕೂತಿದ್ದೇವೆ" ಎಂದರು ಅವರು. ಅಷ್ಟೇ. ಮುಂದೆ ಹೇಳಲಿಲ್ಲ. ಮುಗಿಸಲೂ ಇಲ್ಲ.

ಬಸ್ಸು ಒಂದು ಸಲ ತೂಗಿತು. ಕೊನೆಯ ಕಿಟಕಿಯಿಂದ ಸೊಂಡಿಲು ಒಳಗೆ ಬಂತು. ಗೊನೆ ಮುರಿಯುವ ಸದ್ದು, ಅಗಿಯುವ ಸದ್ದು, ಹಸಿ ಹುಲ್ಲಿನಂಥ ಒಂದು ಘಾಟು. ಒಂದು ಗೊನೆ ಹೋಯಿತು, ಮತ್ತೊಂದು ಹೋಯಿತು. ಮಕ್ಕಳ ಭುಜಗಳು ಬಿಗಿಯಾದವು. ಕಣ್ಣು ಯಾರೂ ಬಿಡಲಿಲ್ಲ. ಆಮೇಲೆ ಸೊಂಡಿಲು ಹುಡುಕುತ್ತ ಸೀಟಿನ ಬೆನ್ನು ಹತ್ತಿ ಈಚೆಗಿಳಿಯಿತು. ಶಾಹಿನಾಳ ತಲೆಯ ಮೇಲೆ ಬಂದು ನಿಂತಿತು.

ನನಗೂ ಅವಳಿಗೂ ಒಂದು ತೋಳಿನ ಅಂತರ. ಕೈ ಚಾಚಿ ಎಳೆದುಕೊಳ್ಳಲೇ? ಎಳೆದರೆ ಅವಳು ಚೀರುತ್ತಾಳೆ. ಸುಮ್ಮನಿದ್ದರೆ? ಮುಂದಿನಿಂದ ದೊಡ್ಡ ಟೀಚರ್ ನನ್ನನ್ನೇ ನೋಡುತ್ತ, ಬೇಡವೆಂದು ಒಂದೇ ಸಲ ತಲೆಯಾಡಿಸಿದರು. ನನ್ನ ಕೊರಳಿನ ಲಿಂಗದ ಕರಡಿಗೆಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡೆ. ಸೊಂಡಿಲಿನ ತುದಿ ಅವಳ ಬೈತಲೆಯ ಮೇಲೆ ಆಡಿತು, ಒಂದು ಜಡೆಯನ್ನು ಎತ್ತಿ ನೋಡಿ ಬಿಟ್ಟಿತು. ಶಾಹಿನಾ ಕದಲಲಿಲ್ಲ. ಬದಲಿಗೆ ಕುತ್ತಿಗೆಯನ್ನು ಇನ್ನಷ್ಟು ನೆಟ್ಟಗೆ ಮಾಡಿಕೊಂಡು, ಕೈಗಳನ್ನು ಇನ್ನಷ್ಟು ಬಿಗಿಯಾಗಿ ಜೋಡಿಸಿದಳು.

ಪಕ್ಕಕ್ಕೆ ನೋಡಿದರೆ ಮಂಜ ಒಂದು ಕಣ್ಣು ಬಿಟ್ಟಿದ್ದ. ಎಲ್ಲ ಕಂಡಿದ್ದ. ದಿನವೂ ಎಲ್ಲರಿಗಿಂತ ಮೊದಲು ಕಿರುಚುವ ಆ ಬಾಯಿ ಅರ್ಧ ತೆರೆದಿತ್ತು. ನಾನು ಅವನ ಕೈ ಹಿಡಿದೆ. ಅವನು ನನ್ನ ಮುಖ ನೋಡಿದ, ಬಾಯಿ ಮುಚ್ಚಿದ, ಬಿಟ್ಟ ಕಣ್ಣನ್ನೂ ಮುಚ್ಚಿದ.

ಎಷ್ಟು ಹೊತ್ತಾಯಿತೋ ನನಗೆ ಗೊತ್ತಿಲ್ಲ. ಮತ್ತೆ ಗಡಿಯಾರ ನೋಡುವ ಧೈರ್ಯ ಇರಲಿಲ್ಲ. ಸೊಂಡಿಲು ಹಿಂದಕ್ಕೆ ಹೋಯಿತು, ಒಂದು ಕುಂಬಳಕಾಯಿ ರಸ್ತೆಗೆ ಬಿದ್ದು ಒಡೆಯಿತು. ಮರಿ ಅದನ್ನು ತಿನ್ನುವವರೆಗೆ ತಾಯಿ ಕಾಯಿತು; ಎರಡೂ ಪೊದೆಯೊಳಗೆ ಇಳಿದು ಹೋದವು. ಸಿದ್ದರಾಜು ಎರಡೂ ಕೈಯಲ್ಲಿ ಸ್ಟೇರಿಂಗ್ ಹಿಡಿದು ಇನ್ನೂ ಸ್ವಲ್ಪ ಕಾದರು. ಆಮೇಲೆ ಬಸ್ಸು ಚಾಲೂ ಆಯಿತು.

ಬಸ್ಸು ಓಡುತ್ತಿದ್ದರೂ ಮಕ್ಕಳು ಕಣ್ಣು ಬಿಡಲಿಲ್ಲ. ಯಾರೂ ಆಮೆನ್ ಹೇಳಿರಲಿಲ್ಲವಲ್ಲ. ಕಾಡು ಮುಗಿಯುವ ಚೆಕ್‌ಪೋಸ್ಟಿನಲ್ಲಿ ಅರಣ್ಯ ಇಲಾಖೆಯ ಗಾರ್ಡು ಬಾಗಿಲಿಂದ ಇಣುಕಿದರು. ಮಬ್ಬಿನಲ್ಲಿ ಕೈ ಜೋಡಿಸಿ ಕೂತ ಅಷ್ಟೂ ಮಕ್ಕಳನ್ನು ಕಂಡು, "ಏನ್ರೀ ಇದು, ಬಸ್ಸೋ ದೇವಸ್ಥಾನಾನೋ?" ಎಂದರು.

ದೊಡ್ಡ ಟೀಚರ್ ಆಮೆನ್ ಹೇಳಲು ಬಾಯಿ ತೆರೆದರು. ದನಿ ಬರಲಿಲ್ಲ. "ಮಂಜ, ನೀನೇ ಹೇಳೋ" ಎಂದರು, ಪಿಸುದನಿಯಲ್ಲಿ.

ಮಂಜ ಕಣ್ಣು ಮುಚ್ಚಿಕೊಂಡೇ, "ಶಾಹಿನಾ ಹೇಳ್ಲಿ ಟೀಚರ್" ಎಂದ.

ಶಾಹಿನಾ ಹೇಳಿದಳು. ಹಿಂದೆಯೇ ಉಳಿದವರ ಕೂಗಿಗೆ ಗಾರ್ಡು ಎರಡು ಹೆಜ್ಜೆ ಹಿಂದೆ ಸರಿದರು. ಗೆದ್ದ ಖುಷಿಯಲ್ಲಿ ಶಾಹಿನಾ ತಲೆ ಮುಟ್ಟಿ ನೋಡಿಕೊಂಡು ಕೇಳಿದಳು: "ದೊಡ್ಡ ಟೀಚರ್, ನಾನು ಅಲ್ಲಾಡ್ತಾನೇ ಇರ್ಲಿಲ್ಲ, ಆದ್ರೂ ಯಾಕೆ ಕೈ ಇಟ್ರಿ? ಕೈ ಯಾಕೆ ಅಷ್ಟು ಒದ್ದೆ ಇತ್ತು?"

ಅವರು ಉತ್ತರಿಸುವ ಮೊದಲೇ ಮಂಜ ಹೇಳಿದ: "ಬೆವರಿತ್ತು ಕಣೇ. ಸುಮ್ನಿರು."

ಗುಂಡ್ಲುಪೇಟೆಯಲ್ಲಿ ರೇಡಿಯೇಟರಿಗೆ ನೀರು ತುಂಬಿಸಿಕೊಂಡು ಮಂಡಿ ಮೊಹಲ್ಲಾ ಮುಟ್ಟಿದಾಗ ಗೇಟಿನ ಬಳಿ ಅಪ್ಪ ಅಮ್ಮಂದಿರ ಗುಂಪು. ಮಕ್ಕಳನ್ನು ಒಪ್ಪಿಸುವ ಮೊದಲು ದೊಡ್ಡ ಟೀಚರ್ ಮೆಟ್ಟಿಲ ಮೇಲೆ ನಿಂತು ನಡೆದದ್ದನ್ನೆಲ್ಲ ಹೇಳಿದರು. ಸೊಂಡಿಲು ಶಾಹಿನಾಳನ್ನು ಮುಟ್ಟಿದ ಮಾತನ್ನು ಮಾತ್ರ ಅನ್ವರ್ ದಂಪತಿಗಳನ್ನು ಪಕ್ಕಕ್ಕೆ ಕರೆದು ಹೇಳಿದರು. ತಾಯಿ ಮಗಳನ್ನು ಎತ್ತಿಕೊಂಡು ಅಳತೊಡಗಿದರು. ಅನ್ವರ್ ಬಸ್ಸಿನ ಮುಂದೆ ಹೋಗಿ ಬಗ್ಗಿ ನೋಡಿ ಬಂದರು. ಆಮೇಲೆ, "ಮೇಡಂ, ಮುಂದಿನ್ ಸಲ ಬಸ್ಸು ಗೊತ್ತು ಮಾಡೋಕ್ ಮುಂಚೆ ನಂಗೆ ತೋರ್ಸಿ. ರೇಡಿಯೇಟರ್ ನಾನು ನೋಡ್ತೀನಿ" ಎಂದರು. ಮುಂದಿನ ಸಲ ಎಂದರಲ್ಲ, ಅದನ್ನು ಕೇಳಿ ದೊಡ್ಡ ಟೀಚರ್ ಕೈ ಮುಗಿದರು.

ಗುಟ್ಟು ಎರಡೇ ದಿನ ಬಾಳಿತು. ಮಂಜನ ಬಾಯಿ ಅದಕ್ಕಿಂತ ಹೆಚ್ಚು ತಡೆಯಲಿಲ್ಲ. ಶಾಹಿನಾ ಹೆದರಲಿಲ್ಲ, ಮೆರೆದಳು. ಅವಳ ತಲೆ ಮುಟ್ಟಲು ಮಕ್ಕಳು ಸಾಲು ನಿಂತರು. "ಒಬ್ಬೊಬ್ರು ಒಂದೇ ಸಲ!" ಎಂದು ಅವಳೇ ಗದರುತ್ತಿದ್ದಳು. ಮಕ್ಕಳು ಚೆನ್ನಾಗಿ ನಿದ್ದೆ ಮಾಡುತ್ತಿದ್ದಾರೆ ಎಂದು ಮನೆಮನೆಯವರೂ ಹೇಳಿದರು. ನಿದ್ದೆ ಕೆಟ್ಟದ್ದು ದೊಡ್ಡ ಟೀಚರ್‌ಗೂ ನನಗೂ. ನಾನು ಕಣ್ಣು ಮುಚ್ಚಿದರೆ ಸೊಂಡಿಲು ಸೀಟಿನ ಬೆನ್ನು ಹತ್ತಿ ಇಳಿಯುತ್ತಿತ್ತು, ನನ್ನ ಕೈ ಎಷ್ಟು ಚಾಚಿದರೂ ಮುಟ್ಟುತ್ತಿರಲಿಲ್ಲ. ಅಜ್ಜಿ ಹಣೆಗೆ ವಿಭೂತಿ ಹಚ್ಚಿ ಪಕ್ಕದಲ್ಲೇ ಮಲಗುತ್ತಿದ್ದಳು, ಪ್ರಯೋಜನವಾಗಲಿಲ್ಲ.

ದೊಡ್ಡ ಟೀಚರ್ ಅಂದಿನಿಂದ ಪ್ರಾರ್ಥನೆಯ ಹೊತ್ತಿನಲ್ಲಿ ಸಾಲುಗಳ ನಡುವೆ ನಡೆಯುವುದನ್ನೇ ಬಿಟ್ಟರು. ಮೇಜಿನ ಬಳಿ ನಿಂತೇ ಆಮೆನ್ ಹೇಳಿ ಮುಗಿಸುತ್ತಿದ್ದರು. ಯಾಕೆಂದು ಕೇಳಿದೆ.

"ಮಕ್ಕಳು ಕಣ್ಣು ಮುಚ್ಚೋದು ನನ್ನ ನಂಬಿ ತಾನೇ ಶಶಿ?" ಎಂದರು. "ಆ ಮಗು ನಂದೇ ಕೈ ಅಂದ್ಕೊಂಡು ಕೂತಿತ್ತು. ಅಲ್ಲಿದ್ದದ್ದು ನನ್ನ ಕೈಯಲ್ಲ. ಇನ್ನು ಯಾವ ಧೈರ್ಯದ ಮೇಲೆ ಕೈ ಇಡಲಿ, ಹೇಳು."

ಡಿಸೆಂಬರ್ ಮೊದಲ ವಾರದ ಒಂದು ಬೆಳಗ್ಗೆ ಅವರ ಪ್ರಶ್ನೆಗೆ ಉತ್ತರ ಬಂತು. ಪ್ರಾರ್ಥನೆ ನಡೆದಿತ್ತು. ಹೊರಗೆ ಮಂಡಿಯಲ್ಲಿ ಲಾರಿ ಖಾಲಿ ಮಾಡುವ ಸದ್ದು ಬಿಟ್ಟರೆ ಬೇರೆ ಸದ್ದಿರಲಿಲ್ಲ. ಆ ಮೌನದ ನಡುವೆ, ಶಾಲೆಯ ಕಟ್ಟಳೆಯನ್ನೇ ಮುರಿದು, ಒಂದು ದನಿ ಕೇಳಿತು.

"ದೊಡ್ಡ ಟೀಚರ್, ನಾನು ಅಲ್ಲಾಡ್ತಾ ಇದೀನಿ."

ಶಾಹಿನಾ. ಕಣ್ಣು ಮುಚ್ಚಿಕೊಂಡು, ಕೈ ಜೋಡಿಸಿಕೊಂಡು, ಬೇಕೆಂದೇ ಅತ್ತ ಇತ್ತ ತೂಗುತ್ತಿದ್ದಳು. ದೊಡ್ಡ ಟೀಚರ್ ಮೇಜು ಬಿಟ್ಟು ಕದಲಲಿಲ್ಲ. "ಇನ್ನೂ ಅಲ್ಲಾಡ್ತಾ ಇದೀನಿ" ಎಂದಳು ಅವಳು. ಆಗ ಅವರು ನಡೆದು ಬಂದರು, ಚಪ್ಪಲಿಯ ಸದ್ದಿಲ್ಲದೆ. ಅವಳ ತಲೆಯ ಮೇಲೆ ಕೈ ಇಟ್ಟರು. ಶಾಹಿನಾ ಕಣ್ಣು ಬಿಡದೆಯೇ ತನ್ನ ಕೈ ಮೇಲೆತ್ತಿ, ಆ ಕೈಯನ್ನು ತಡವಿ ನೋಡಿದಳು.

"ಹೂಂ" ಎಂದಳು. "ಬೆರಳಿದೆ."

ಅಂದು ಆಮೆನ್ ಮೊದಲು ಹೇಳಿದ್ದು ಮಂಜ. ಶಾಹಿನಾ ಮೋಸ ಎಂದು ಜಗಳ ತೆಗೆದಳು.

ಆ ರಾತ್ರಿ ನಾನು ಮಲಗಿದ್ದಷ್ಟೇ ಗೊತ್ತು. ಎಚ್ಚರವಾದಾಗ ಬಿಸಿಲು ಹಾಸಿಗೆಗೆ ಬಂದಿತ್ತು. ತಿಂಡಿಯನ್ನೂ ತಿನ್ನದೆ ಶಾಲೆಗೆ ಓಡಿದೆ. ಕಾಂಪೌಂಡಿನೊಳಗಿನ ತಮ್ಮ ಮನೆಯ ಬಾಗಿಲಿನಲ್ಲಿ ದೊಡ್ಡ ಟೀಚರ್ ಕೂಡ ಆಗಷ್ಟೇ ಎದ್ದವರಂತೆ ಅರ್ಧ ಹೆಣೆದ ಜಡೆಯಲ್ಲೇ ಗಡಿಬಿಡಿಯಿಂದ ಚಪ್ಪಲಿ ಮೆಟ್ಟುತ್ತಿದ್ದರು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಅಷ್ಟರಲ್ಲಿ ಪ್ರಾರ್ಥನೆಯ ಗಂಟೆ ಕೇಳಿಸಿತು. ನಮ್ಮನ್ನು ಕಾದು ಸಾಕಾಗಿ ಮಕ್ಕಳೇ ಹೊಡೆದಿದ್ದರು.